ಚಲೋ ವರ್ಷದ ದ್ರಾಕ್ಷಿ

ಯೆರವಡಾದ ವೈನ್ ಅಂಗಡಿಯ ಬಿಲ್ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ತಮ್ಮ ಮದುವೆಯ ಇಪ್ಪತ್ತೈದನೇ ವರ್ಷದ ಪಾರ್ಟಿಗೆ ಶಾಂಪೇನ್ ಒಯ್ಯಲು ಬಂದವರು; ಆತನ ಕೈಯಲ್ಲಿ ಒಂದು ಬಾಟಲಿ ಇತ್ತು. ಪುಣೆಯಲ್ಲಿ ಕನ್ನಡ ಯಾರಿಗೆ ತಿಳಿದೀತು ಎಂಬ ಧೈರ್ಯದಲ್ಲಿ ತಮ್ಮೊಳಗೆ ಜೋರಾಗಿಯೇ ಮಾತಾಡುತ್ತಿದ್ದರು.

"ನಮ್ಮ ಲಗ್ನ ಆದ ವರ್ಷದ್ದು ಸಿಗಂಗಿಲ್ಲೇನ್ರೀ?"

"ಆ ವರ್ಷ ಫ್ರಾನ್ಸ್‌ನ್ಯಾಗ ಮಳಿ ಹತ್ತಿ ದ್ರಾಕ್ಷಿ ಕೆಟ್ಟಿದ್ವು. ಈ ಕಂಪನಿ ಭಾಳ ಹಳೇದು. ಬೆಳಿ ಚಲೋ ಬಂದ್ರಷ್ಟ ಬಾಟ್ಲಿ ಮ್ಯಾಲೆ ಇಸವಿ ಹಾಕ್ತಾರ."

"ಹಂಗಾರ ಇದು?"

"ಅದರ ಮುಂದಿನ ವರ್ಷದ್ದು. ಅಂಥಾ ಬೆಳಿ ಮತ್ತ ಬಂದಿಲ್ಲಂತ. ಕತ್ತಲ ನೆಲಮಾಳಿಗ್ಯಾಗ ವರ್ಷಗಟ್ಟಲೆ ಮಲಗಿಸಿಟ್ಟು, ಕೈಲೆ ತಿರುವಿ ತಿರುವಿ ಜ್ವಾಕಿ ಮಾಡ್ತಾರ."

ಆಕೆ ಬಾಟಲಿಯ ಮೇಲಿನ ಇಸವಿಯನ್ನು ಹೆಬ್ಬೆರಳಿನಿಂದ ಸವರಿದಳು.

"ನಮ್ಮ ಕೂಸಿನ್ನ ಮಣ್ಣು ಮಾಡಿದ್ದು ಇದೇ ವರ್ಷ ಅಲ್ರೀ?"

"ಬಂದ ಮಂದಿಗೆ ಅದೇನು ಗೊತ್ತಾಗ್ತದ? ದ್ರಾಕ್ಷಿಗೆ ಚಲೋ ವರ್ಷ ಇತ್ತು, ಅಷ್ಟ ಸಾಕು."

ಬಿಲ್ ಆಯಿತು. ಆತ ಬಾಟಲಿಯನ್ನು ಆಕೆಯ ಕೈಗೆ ಕೊಟ್ಟು ಬಾಗಿಲ ಕಡೆ ನಡೆದ.

"ಅಲುಗಾಡಿಸಬ್ಯಾಡ. ಕೂಸಿನ್ನ ಎತ್ಕೊಂಡಂಗ ಎತ್ಕೊ."

ಆಕೆ ಹಾಗೆಯೇ ಎತ್ತಿಕೊಂಡು ಹೊರಗೆ ಹೋದಳು.