ಬೆಳ್ಳಿಯ ತಾಯಿತದ ಮೇಲಿನ ಹಲ್ಲಿನ ಗುರುತು

ವೇದಿಕೆಯನ್ನು ತುಂಬಿ ಕುಳಿತಿರುವ ಅಧ್ಯಕ್ಷರೇ, ಪುತ್ತೂರಿನಿಂದ ಬಸ್ಸಿನಲ್ಲಿ ಧೂಳು ಕುಡಿಯುತ್ತ ಬಂದಿರುವ ಮುಖ್ಯ ಅತಿಥಿಗಳೇ, ಮುಖ್ಯೋಪಾಧ್ಯಾಯರೇ, ಅಧ್ಯಾಪಕ ಬಂಧುಗಳೇ, ಕುರ್ಚಿ ಬೇಡವೆಂದು ಮುಂದಿನ ಚಾಪೆಯ ಮೇಲೆ ಕುಳಿತಿರುವ ನಮ್ಮ ಅಜ್ಜಿಯವರೇ, ಮತ್ತು ಆಗಿನಿಂದ ನೆಲಗಡಲೆ ಮೆಲ್ಲುತ್ತ ನನ್ನ ಸೀರೆಯನ್ನೇ ನೋಡುತ್ತಿರುವ ಸಭಿಕರೇ,

ನಾನು ಕುಮುದಿನಿ. ಮದುವೆಯಾಗಿ ಕೋಡಿಂಬಾಳಕ್ಕೆ ಬಂದು ಹತ್ತು ತಿಂಗಳಾಯಿತು. ಗಂಡನ ಹೆಸರನ್ನು ಸಭೆಯಲ್ಲಿ ಹೇಳಬಾರದೆಂದು ಅತ್ತೆ ಹೊರಡುವಾಗ ಎರಡು ಸಲ ನೆನಪಿಸಿದ್ದಾರೆ. ಆದ್ದರಿಂದ ಅಚ್ಚುತ ಎಂಬ ಆ ಹೆಸರನ್ನು ನಾನು ಹೇಳುವುದಿಲ್ಲ.

ನಗಬೇಡಿ. ನೀವು ನಕ್ಕರೆ ಮೈಕೂ ಕೂಗುತ್ತದೆ. ಮೈಕ್ ಸೆಟ್ಟಿನ ಕಲಂದರ್ ಸಾಹೇಬರು ಆಗಲೇ ನನಗೆ ಎಚ್ಚರಿಕೆ ಕೊಟ್ಟಿದ್ದಾರೆ: "ಅಕ್ಕ, ಹತ್ತಿರ ಬಂದು ಬೊಬ್ಬೆ ಹೊಡೀಬೇಡಿ. ನಿಮ್ಮ ಸ್ವರಕ್ಕೆ ಮೈಕ್ ಬೇಕೂಂತ ಇಲ್ಲ."

ಇಂದು ನಮ್ಮ ಶಾಲೆಯ ಗೋಡೆಯಲ್ಲಿ ಒಂದು ಕಲ್ಲು ಅನಾವರಣಗೊಂಡಿತು. ಈ ಶಾಲೆಯಲ್ಲಿ ಓದಿ, ಯುದ್ಧಕಾಲದಲ್ಲಿ ವಿಮಾನಪಡೆ ಸೇರಿ, 1944ರಲ್ಲಿ ಬರ್ಮಾದ ಕಾಡಿನ ಮೇಲೆ ಬಾಂಬ್ ವಿಮಾನದೊಂದಿಗೆ ಬಿದ್ದುಹೋದ ನಮ್ಮ ಮಾವನ ತಮ್ಮ ಕುಕ್ಕಪ್ಪ ಗೌಡರ ಹೆಸರು ಅದರಲ್ಲಿದೆ. ಮುಖ್ಯೋಪಾಧ್ಯಾಯರು ಈಗಷ್ಟೇ ನನ್ನನ್ನು ಪರಿಚಯಿಸುತ್ತ, "ಇಂಗ್ಲಿಷ್ ಬಲ್ಲ ಈ ಸೊಸೆ ಬಾರದಿರುತ್ತಿದ್ದರೆ ನಮ್ಮ ವೀರನ ಸಮಾಧಿ ಇಂದಿಗೂ ಹೆಸರಿಲ್ಲದೆ ಉಳಿಯುತ್ತಿತ್ತು" ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಶೌರ್ಯದ ಕುರಿತು ನಾಲ್ಕು ಪುಟ ಭಾಷಣ ಬರೆದು ತಂದಿದ್ದೆ. ಆ ಚಪ್ಪಾಳೆ ಕೇಳಿದ ಮೇಲೆ ಅದನ್ನು ಓದಲು ನಾಲಿಗೆ ಬರುತ್ತಿಲ್ಲ. ಏಕೆಂದರೆ, ಸಭಿಕರೇ, ಇಂಗ್ಲಿಷ್ ಬಲ್ಲ ಈ ಸೊಸೆ ಬಂದದ್ದರಿಂದಲೇ ಆ ಸಮಾಧಿ ಮತ್ತೆ ಮೂರು ತಿಂಗಳು ಹೆಸರಿಲ್ಲದೆ ಉಳಿಯಿತು.

ಹೇಗೆಂದು ಹೇಳುತ್ತೇನೆ. ಅಜ್ಜಿ ಈಗಾಗಲೇ ಕಣ್ಣಿನಲ್ಲೇ ಬೇಡ ಎನ್ನುತ್ತಿದ್ದಾರೆ. ನಾನು ಆ ಕಡೆ ನೋಡುವುದಿಲ್ಲ.

ನಾನು ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ಅಲ್ಲಿ ಕನ್ನಡದಲ್ಲಿ ಸೀನಿದರೂ ದಂಡ. ಕವಿತೆ ಬಾಯಿಪಾಠ ಹೇಳಿ ಬಹುಮಾನ ಪಡೆದವಳು ನಾನು. ಇಂಥ ಹುಡುಗಿ ಮನೆಗೆ ಬಂದರೆ ಏನಾಗುತ್ತದೆ? ಇವರು, ಎಂದರೆ ಹೆಸರು ಹೇಳಬಾರದ ನಮ್ಮ ಮನೆಯವರು, ಊರಿನಲ್ಲಿ ಸಿಕ್ಕಿದವರಿಗೆಲ್ಲ "ನನ್ನ ಹೆಂಡತಿ ಕನಸು ಕಾಣುದೂ ಇಂಗ್ಲಿಷಿನಲ್ಲೇ" ಎಂದು ಹೇಳಿಕೊಂಡು ತಿರುಗಿದರು. ನಾನೂ ಅಲ್ಲವೆನ್ನಲಿಲ್ಲ.

ಮದುವೆಯಾಗಿ ಒಂದು ತಿಂಗಳಾಗಿತ್ತು. ಯುದ್ಧದಲ್ಲಿ ಸತ್ತವರ ಸಮಾಧಿಗಳನ್ನು ನೋಡಿಕೊಳ್ಳುವ ಕಚೇರಿಯಿಂದ ಮನೆಗೆ ಒಂದು ಇಂಗ್ಲಿಷ್ ಪತ್ರ ಬಂತು. ಹದಿನಾರು ವರ್ಷ ಹಿಂದೆ ಬಂದ ತಂತಿಯಲ್ಲಿ ಇದ್ದದ್ದು ಕುಕ್ಕಪ್ಪ ಕಾಣೆಯಾಗಿದ್ದಾರೆ ಎಂದು ಮಾತ್ರ. ಕಾಣೆಯಾದವನು ಸತ್ತವನಲ್ಲ ಎಂಬುದು ಅಜ್ಜಿಯ ವಾದ. ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದ ಹಿರಿಯರಿಗೆಲ್ಲ ಎಲೆ ಹಾಕಿ ಬಡಿಸುತ್ತೇವಲ್ಲ, ಆ ಸಾಲಿನಲ್ಲಿ ಮಗನಿಗೆ ಒಂದು ಎಲೆ ಹಾಕಲು ಅವರು ಬಿಟ್ಟವರೇ ಅಲ್ಲ. ಬದಲಿಗೆ ಅವನ ಕಂಚಿನ ಬಟ್ಟಲನ್ನು ವಾರಕ್ಕೊಮ್ಮೆ ಹುಣಸೆಹುಳಿ ಹಾಕಿ ತಿಕ್ಕಿ, ಅಡುಗೆಮನೆಯ ಹಲಗೆಯ ಮೇಲೆ ಕವುಚಿಡುತ್ತಿದ್ದರು. ಬಂದವನು ಉಣ್ಣಬೇಕಲ್ಲ?

ಅಂಥ ಮನೆಗೆ ಬಂದ ಪತ್ರ ಅದು. ಎಲ್ಲರೂ ಜಗಲಿಯಲ್ಲಿ ಕುಳಿತರು. ನಾನು ಹೊಸ ಸೀರೆಯ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಮೊದಲು ಪತ್ರವನ್ನಿಡೀ ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದಿದೆ. ಯಾರಿಗಾಗಿ? ಇವರಿಗಾಗಿ. ಇವರು ಬಾಯಿ ತೆರೆದುಕೊಂಡು ಕೇಳಿದರು. ಇವರು ಕೇಳುತ್ತಿದ್ದದ್ದು ನನ್ನ ಇಂಗ್ಲಿಷನ್ನು, ಪತ್ರವನ್ನಲ್ಲ.

ಪತ್ರದಲ್ಲಿ ಇದ್ದದ್ದು ಇಷ್ಟು. ಬರ್ಮಾದ ಗುಡ್ಡವೊಂದರಲ್ಲಿ ಅಕ್ಕಪಕ್ಕ ಹೂತಿದ್ದ ಇಬ್ಬರು ವಿಮಾನದವರ ಅಸ್ಥಿ ಸಿಕ್ಕಿದೆ. ಆ ಗುಡ್ಡಗಳಲ್ಲಿ ಬಿದ್ದ ವಿಮಾನಗಳು ಹಲವು, ಇವರು ಯಾರೆಂದು ತಿಳಿಯದು. ಕುಕ್ಕಪ್ಪನೂ ಅವನ ಪೈಲಟ್ ಹಕೀಮ್ ಎಂಬವರೂ ಇರಬಹುದು, ಇಲ್ಲದಿರಲೂಬಹುದು. ಕುಕ್ಕಪ್ಪನ ಎತ್ತರ ಎಷ್ಟು? ಎಲುಬು ಮುರಿದದ್ದುಂಟೇ? ಹಲ್ಲಿನ ವೈದ್ಯರು ಬರೆದಿಟ್ಟ ವಿವರ ಇದೆಯೇ?

ಹಲ್ಲಿನ ವೈದ್ಯರೆಂದು ಕೇಳಿ ಮಾವ ನಕ್ಕರು. "ಹಲ್ಲಿಗೆ ಡಾಕ್ಟರಾ? ನಮ್ಮಲ್ಲಿ ಹಲ್ಲು ನೋವಾದರೆ ಲವಂಗ, ಜಾಸ್ತಿಯಾದರೆ ಚಿಮಟ" ಎಂದರು.

ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಒಬ್ಬನ ಸೊಂಟದ ಬಳಿ ಬೆರಳಿನ ಗೆಣ್ಣಿನಷ್ಟು ಉದ್ದದ ಬೆಳ್ಳಿಯ ಕೊಳವೆ ಸಿಕ್ಕಿದೆ, ಎರಡೂ ತುದಿ ಮುಚ್ಚಿದೆ, ಒಳಗೆ ಒಣಗಿದ ಮಣ್ಣಿದೆ. ಇದು ನಿಮ್ಮವರದೇ?

ಸಭಿಕರೇ, ಈ ಪ್ರಶ್ನೆಯನ್ನು ಅಜ್ಜಿಗೆ ಕೇಳಬೇಕಾಗಿತ್ತು. ಕೇಳಲಿಲ್ಲ. ಆ ಸಾಲು ಓದಿದ್ದೇ ನನ್ನ ಕಣ್ಣಲ್ಲಿ ನೀರು ತುಂಬಿತು. ಬೆಳ್ಳಿಯ ಕೊಳವೆಯಲ್ಲಿ ತಾಯ್ನಾಡಿನ ಮಣ್ಣು! ಯಾವ ದೂರದೇಶದ ಕವಿಹೃದಯದ ತರುಣನೋ, ತನ್ನ ತೋಟದ ಗುಲಾಬಿಯ ಬುಡದಿಂದ ಒಂದು ಚಿಟಿಕೆ ಮಣ್ಣು ತೆಗೆದುಕೊಂಡು ಹಾರಿದ್ದಾನೆ! ನಾನು ಅವನಿಗೆ ನೀಲಿ ಕಣ್ಣನ್ನೂ ಕೊಟ್ಟೆ. ಕೋಡಿಂಬಾಳದ ಒಬ್ಬ ಗೌಡರ ಹುಡುಗ ಅಂಥದ್ದನ್ನು ಕಟ್ಟಿಕೊಂಡಿದ್ದಾನೆಂದು ನನ್ನ ಕಾನ್ವೆಂಟ್ ತಲೆಗೆ ಹೊಳೆಯುವುದಾದರೂ ಹೇಗೆ? ಆ ಸಾಲನ್ನು ಕನ್ನಡದಲ್ಲಿ ಹೇಳದೆ, ಸಿಕ್ಕಿದ್ದು ಯಾರೋ ಪರದೇಶದವರು ಎಂದುಬಿಟ್ಟೆ.

"ಹಾಗಾದರೆ ಅದು ನಮ್ಮ ಕುಕ್ಕಪ್ಪ ಅಲ್ಲವಾ?" ಎಂದು ಅಜ್ಜಿ ಕೇಳಿದರು. ಅವರು ಮಾತಾಡುವುದು ಅರೆಭಾಷೆ. ಸಭೆಗೆ ತಿಳಿಯಲೆಂದು ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಅಲ್ಲವೇ ಅಲ್ಲ ಅಜ್ಜಿ!" ಎಂದು ನಾನು ಕೂಗಿದೆ. ಕೂಗುವಾಗ ಎರಡೂ ಕೈ ಮೇಲೆತ್ತಿದ್ದೆನೆಂದು ಇವರು ಈಗಲೂ ಅಣಕಿಸುತ್ತಾರೆ.

ಅಜ್ಜಿ ಎದ್ದು ನೇರ ಒಳಗೆ ಹೋದರು. ಬೆಲ್ಲದ ಡಬ್ಬಿ ತೆರೆದ ಸದ್ದು ಕೇಳಿಸಿತು. ಅಂದು ಮನೆಯಲ್ಲಿ ಹೆಸರುಬೇಳೆಯ ಪಾಯಸ. ನೆರೆಕರೆಗೆಲ್ಲ ಪಾತ್ರೆಯಲ್ಲಿ ಹೋಯಿತು. ಇಲ್ಲಿ ಕುಳಿತಿರುವವರಲ್ಲಿ ಅದನ್ನು ಕುಡಿದವರು ಹತ್ತು ಮಂದಿಯಾದರೂ ಇರಬಹುದು. ನಾನು ಎರಡು ಲೋಟ ಕುಡಿದು, ಆ ಸಂಜೆಯೇ ಕಚೇರಿಗೆ ಸುಂದರವಾದ ಇಂಗ್ಲಿಷಿನಲ್ಲಿ ಬರೆದೆ: ನಮ್ಮ ಚಿಕ್ಕಪ್ಪನವರಲ್ಲಿ ಅಂಥ ವಸ್ತು ಯಾವುದೂ ಇರಲಿಲ್ಲ. ಕಚೇರಿಯವರು ಆ ಇಬ್ಬರ ಕಡತವನ್ನು ಮುಚ್ಚಿದರು. ಆಟಿ ಬಂತು. ಹಿರಿಯರ ಸಾಲಿನಲ್ಲಿ ಕುಕ್ಕಪ್ಪನಿಗೆ ಎಲೆ ಇಲ್ಲ. ಅಜ್ಜಿ ಬಟ್ಟಲನ್ನು ವಾರಕ್ಕೆ ಎರಡು ಸಲ ತಿಕ್ಕತೊಡಗಿದರು.

ಈಗ ಒಂದು ನಾಚಿಕೆಯ ಸಂಗತಿ. ಮಕ್ಕಳು ಬೇಕಾದರೆ ಕಿವಿ ಮುಚ್ಚಿಕೊಳ್ಳಬಹುದು. ಆಟಿ ಕಳೆದ ಮೇಲೆ ಒಂದು ದಿನ ಇವರು ಸ್ನಾನ ಮುಗಿಸಿ ಹೊರಗೆ ಬರುವಾಗ ಇವರ ಉಡಿದಾರ ತುಂಡಾಯಿತು. ಅದರಲ್ಲಿದ್ದ ಬೆಳ್ಳಿಯ ತಾಯಿತ ಅಂಗಳಕ್ಕೆ ಬಿತ್ತು. ಅದನ್ನು ನಾನು ಮೊದಲು ನೋಡಿರಲಿಲ್ಲವೇ? ಗಂಡನ ಸೊಂಟವನ್ನು ನೋಡುತ್ತ ಕೂರುವ ಹೆಂಗಸು ನಾನಲ್ಲ ಎಂದು ಈ ಸಭೆಯಲ್ಲಿ ಹೇಳಿಕೊಳ್ಳಬೇಕಾಗಿದೆ. ನಿಜ ಏನೇ ಇರಲಿ, ಆಭರಣವೆಂದುಕೊಂಡಿದ್ದೆ.

ತಾಯಿತದ ಮುಚ್ಚಳ ಬಿಟ್ಟುಕೊಂಡು ಒಳಗಿನಿಂದ ಪುಡಿಮಣ್ಣು ಉದುರಿತು.

"ಎಂತ ಅಜ್ಜಿ ಇದು?" ಎಂದು ಜಗಲಿಯಲ್ಲಿದ್ದ ಅಜ್ಜಿಯನ್ನು ಕೇಳಿದೆ.

"ಎಂತದಾ? ಕುಕ್ಕೆಯ ಹುತ್ತದ ಮಣ್ಣು, ಸುಬ್ರಾಯ ದೇವರ ಪ್ರಸಾದ. ಮನೆಯ ಗಂಡುಮಕ್ಕಳಿಗೆಲ್ಲ ಹುಟ್ಟಿದ ವರ್ಷವೇ ಕಟ್ಟುದು. ನಿನ್ನ ಶಾಲೆಯಲ್ಲಿ ಇದನ್ನೆಲ್ಲ ಹೇಳಿ ಕೊಡುದಿಲ್ಲವಾ ಮಗಳೇ?"

ಇಲ್ಲ ಅಜ್ಜಿ, ಹೇಳಿಕೊಡಲಿಲ್ಲ.

ನೀಲಿ ಕಣ್ಣಿನ ಕವಿ ಅಲ್ಲಿಗೇ ಸತ್ತ. ಅವನ ಜಾಗದಲ್ಲಿ ಕುಕ್ಕೆಯ ಹರಕೆಯಿಂದ ಹುಟ್ಟಿ, ಆ ಹೆಸರನ್ನೇ ಇಟ್ಟುಕೊಂಡ ಹುಡುಗ ನಿಂತಿದ್ದ. ನಾನು ಏನು ಮಾಡಿದೆ? ಧೈರ್ಯವಾಗಿ ಹೇಳಿದೆನೇ? ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ಹಂಡೆಯ ಪಕ್ಕ ಕುಳಿತೆ. ಎರಡು ದಿನ ತಲೆನೋವೆಂದು ಸುಳ್ಳು ಹೇಳಿದೆ. ಪಾಯಸ ಹಂಚಿದವರ ಎದುರು ಹೋಗಿ ನಿಮ್ಮ ಮಗ ಸತ್ತದ್ದು ನಿಜ ಎಂದು ಹೇಳುವ ವಾಕ್ಯ ನನಗೆ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ.

ಮೂರನೆಯ ದಿನ ಹೇಳಿದೆ. ಅಜ್ಜಿ ಬಟ್ಟಲು ತಿಕ್ಕುತ್ತಿದ್ದರು. ಪತ್ರದ ಆ ಸಾಲನ್ನು ಓದಿ, ಅದನ್ನು ಅಂದು ನುಂಗಿದ್ದನ್ನೂ ಹೇಳಿ, ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅಜ್ಜಿ ಇನ್ನಷ್ಟು ಹುಣಸೆಹುಳಿ ತೆಗೆದುಕೊಂಡು ಬಟ್ಟಲಿನ ತಳವನ್ನು ತಿಕ್ಕಿದರು.

"ಮಣ್ಣು ಒಣಗಿಯೇ ಇತ್ತಾ?" ಎಂದು ಕೇಳಿದರು.

"ಹೌದು ಅಜ್ಜಿ. ಹಾಗೇ ಬರೆದಿದ್ದಾರೆ."

"ಅಷ್ಟು ಮಳೆ ಬಂದರೂ ನೀರು ಹೋಗಲಿಲ್ಲ. ಜೇನುಮೇಣ ನಾನೇ ಮೆತ್ತಿದ್ದು." ಬಟ್ಟಲನ್ನು ತೊಳೆದರು, ಒರೆಸಿದರು. "ಹಲ್ಲಿನ ವಿವರ ಕೇಳಿದ್ದರಲ್ಲ ಅವರು? ಉಂಟು ಅಂತ ಬರಿ. ಸಣ್ಣದಿರುವಾಗ ಅದನ್ನು ಅವನ ಕೊರಳಿಗೆ ಕಟ್ಟಿದ್ದೆ. ಹಲ್ಲು ಬರುವ ಸಮಯ, ಇಡೀ ದಿನ ಕಚ್ಚುದು. ಒಂದು ಬದಿಯಲ್ಲಿ ಎರಡು ಸಣ್ಣ ಗುಳಿ ಇರ್ತದೆ, ಹತ್ತಿರ ಹತ್ತಿರ. ನೋಡ್ಲಿಕ್ಕೆ ಹೇಳು."

"ಬೇರೆ ಎಂತ ಬರೆಯಲಿ ಅಜ್ಜಿ?"

"ಮಣ್ಣು ಕುಕ್ಕೆಯದು, ಮೇಣ ನನ್ನದು, ಹಲ್ಲು ಅವನದು. ಇಷ್ಟು ಸಾಕು."

ಇದನ್ನು ಇಂಗ್ಲಿಷಿಗೆ ತಿರುಗಿಸಲು ಬಹುಮಾನ ಪಡೆದ ಈ ವಿದ್ಯಾರ್ಥಿನಿಗೆ ಮೂರು ದಿನ ಬೇಕಾಯಿತು.

ದೀಪಾವಳಿ ಕಳೆದು ಉತ್ತರ ಬಂತು. ಭೂತಗನ್ನಡಿಯಲ್ಲಿ ನೋಡಿದ್ದಾರೆ, ಎರಡು ಗುಳಿ ಇವೆ. ಅದು ಕುಕ್ಕಪ್ಪನೆಂದ ಮೇಲೆ ಪಕ್ಕದವರು ಹಕೀಮರಲ್ಲದೆ ಮತ್ತಾರು? ಎರಡು ಸಮಾಧಿಗೂ ಒಂದೇ ದಿನ ಹೆಸರು ಬಂತು.

ಅದು ಇಬ್ಬರೇ ಕೂರುವ ವಿಮಾನವಂತೆ. ಮುಂದೆ ಪೈಲಟ್. ಹಿಂದೆ ಬಂದೂಕು ಹಿಡಿದು, ಬಂದ ದಾರಿಯ ಕಡೆಗೇ ಮುಖ ಮಾಡಿ ಕೂರುವವರು ನಮ್ಮ ಚಿಕ್ಕಪ್ಪ. ಇದನ್ನು ಅಜ್ಜಿಗೆ ಹೇಳಿದಾಗ ಅವರು, "ಹಾಗಾದರೆ ಹೋಗುವಾಗಲೂ ಊರಿನ ಕಡೆಗೇ ನೋಡಿಕೊಂಡಿದ್ದ" ಎಂದರು.

ಕಳೆದ ತಿಂಗಳು ಕುಕ್ಕಪ್ಪನವರನ್ನು ಹಿರಿಯರ ಸಾಲಿಗೆ ಸೇರಿಸುವ ಕಾರ್ಯ ಮಾಡಿದೆವು. ಅದಕ್ಕೆ ಮೊದಲು ಅಜ್ಜಿ ಹೊಸ ತಕರಾರು ತೆಗೆದರು: "ಹಿಂದೆ ಕೂತವನಿಗೆ ಬಡಿಸಿ ಮುಂದೆ ಕೂತವನನ್ನು ಹಸಿದು ಕೂರಿಸುದಾ?" ಮಾವ, "ಅವರು ಸಾಯ್ಬರು ಅಮ್ಮ" ಎಂದರು. "ಸಾಯ್ಬರಿಗೆ ಹಸಿವಾಗುದಿಲ್ಲವಾ ಮಾರಾಯ?" ಎಂದರು ಅಜ್ಜಿ. ಕಚೇರಿಯಿಂದ ವಿಳಾಸ ತರಿಸಿ, ಭೋಪಾಲದಲ್ಲಿರುವ ಹಕೀಮರ ತಾಯಿಗೆ ನನ್ನಿಂದ ಪತ್ರ ಬರೆಸಿದರು. ನಿಮ್ಮ ಮಗನಿಗೆ ನಮ್ಮಲ್ಲಿ ಒಂದು ಎಲೆ ಹಾಕಬಹುದೇ? ಕೋಳಿ ಆಗುತ್ತದೆಯೇ? ಆ ತಾಯಿ ಯಾರ ಕೈಯಲ್ಲೋ ಬರೆಸಿದ ಉತ್ತರ ಎರಡೇ ಸಾಲು: ಹಾಕಿ. ಅವನಿಗೆ ಖಾರ ಕಡಿಮೆ ಇರಲಿ.

ಈ ಕಲಂದರ್ ಸಾಹೇಬರೇ ಬಂದು ಒಂದು ಕೋಳಿಯನ್ನು ತಮ್ಮ ಕ್ರಮದಂತೆ ಕೊಯ್ದುಕೊಟ್ಟರು. ಅದನ್ನು ಮೆಣಸು ತಗ್ಗಿಸಿ ಬೇರೆಯೇ ಪಾತ್ರೆಯಲ್ಲಿ ಬೇಯಿಸಿದವಳು ನಾನು. ಎರಡು ಎಲೆ ಹಾಕಿದೆವು, ಒಂದು ಮುಂದೆ, ಒಂದು ಹಿಂದೆ. ಆದ್ದರಿಂದಲೇ ಈ ಕಲ್ಲಿನಲ್ಲಿಯೂ ಎರಡು ಹೆಸರುಗಳಿವೆ. ಈ ಶಾಲೆಯ ಮೆಟ್ಟಿಲನ್ನೇ ಹತ್ತದವರ ಹೆಸರು ಏಕೆಂದು ಯಾರೋ ಕೇಳಿದರಂತೆ. ಇದು ಉತ್ತರ.

ಇನ್ನೊಂದು ಮಾತು ಉಳಿದಿದೆ. ಆ ತಾಯಿಗೆ ನಾನು ಖಾರ ಕೇಳಿದೆ, ಕೋಳಿ ಕೇಳಿದೆ. ನನ್ನ ಒಂದು "ಇಲ್ಲ"ದಿಂದ ನೀವು ಮೂರು ತಿಂಗಳು ಹೆಚ್ಚು ಕಾದಿರಿ ಎಂದು ಮಾತ್ರ ಬರೆಯಲಿಲ್ಲ. ಅಜ್ಜಿ "ಆಯಿತಲ್ಲ, ಹೊರಗೆ ಹೇಳುದು ಬೇಡ" ಎಂದು ನನ್ನನ್ನು ಕಾಯುತ್ತ ಬಂದಿದ್ದಾರೆ. ಆದರೆ ಹದಿನಾರು ವರ್ಷ ಕಾದವರಿಗೆ ಮೂರು ತಿಂಗಳು ಯಾವ ಲೆಕ್ಕ ಎಂದು ಹೇಳುವ ಹಕ್ಕು ನನಗಿಲ್ಲ. ಇವತ್ತು ಮನೆಗೆ ಹೋದೊಡನೆ ಬರೆಯುತ್ತೇನೆ. ಮನಸ್ಸಿನಲ್ಲೇ ನಿಶ್ಚಯಿಸಿದರೆ ಮತ್ತೆ ತಲೆನೋವು ಬರುತ್ತದೆಂದು ನಿಮ್ಮೆಲ್ಲರ ಎದುರು, ಮೈಕಿನಲ್ಲಿ ಹೇಳಿದ್ದೇನೆ. ನಾಳೆ ದಾರಿಯಲ್ಲಿ ಸಿಕ್ಕಿದವರು "ಬರೆದಾಯಿತಾ?" ಎಂದು ದಯವಿಟ್ಟು ಕೇಳಿ.

ಅಜ್ಜಿ ಈಗ ಕೈಸನ್ನೆ ಮಾಡುತ್ತಿದ್ದಾರೆ. ಸಾಕು, ಬಾ ಎಂದು. ಚಾಪೆಯಲ್ಲಿ ಸ್ವಲ್ಪ ಸರಿದು ಜಾಗ ಮಾಡಿದ್ದಾರೆ.

ಆ ಚಪ್ಪಾಳೆಯನ್ನು ನಿಮಗೇ ಹಿಂದಿರುಗಿಸಿ, ಇಷ್ಟು ಹೊತ್ತು ತಾಳಿಕೊಂಡ ಅಧ್ಯಕ್ಷರಿಗೂ ಅತಿಥಿಗಳಿಗೂ ಮೈಕಿಗೂ ನಿಮಗೂ ಕೃತಜ್ಞತೆ ಹೇಳಿ, ಆ ಜಾಗಕ್ಕೆ ಹೋಗುತ್ತೇನೆ. ನಮಸ್ಕಾರ.