ಅಣ್ಣನ ತಲೆದೆಸೆಯಲ್ಲಿ ಕೂತವರು

೧೯೫೪ರ ಚಳಿಗಾಲ. ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಕ್ಕ, ತಮ್ಮ ಇಬ್ಬರು ನಿಂತಿದ್ದರು. ತಮ್ಮನ ಕೈಯಲ್ಲೊಂದು ಮಾಸಪತ್ರಿಕೆ.

“ನಮ್ಮ ಶಾಂತಮಲ್ಲಣ್ಣ ಸತ್ತುದ್ನ ನಾನು ಇದ್ರಲ್ಲಿ ಬರ್ದಿವ್ನಲ್ಲ, ಚೆನ್ನಾಗಿಲ್ವಾ ಅಕ್ಕ?”

“ನಮ್ಮೂರ ಮೇಷ್ಟ್ರು ಜಗಲಿ ಮೇಲೆ ಎಲ್ರಿಗೂ ಓದಿ ಏಳುದ್ರು. ಜೀವ ಓಗೋವಾಗ ಅಣ್ಣನ ಅಣೆಗೆ ಈಬೂತಿ ಬಳ್ದು, ಅಂಗೈಗೆ ಲಿಂಗ ಕೊಟ್ಟೋನು ನೀನಾ?”

ತಮ್ಮ ಪತ್ರಿಕೆಯನ್ನು ಸುರುಳಿ ಸುತ್ತಿದ.

“ನೀನು ಮೈಸೂರಲ್ಲಿದ್ದೆ ಕಣ್ಲಾ. ಮಣ್ಣಿಗೂ ಬರ್ನಿಲ್ಲ. ತಲೆದೆಸೇಲಿ ಕೂತಿದ್ದೋಳು ನಾನು.”

“ಅದ್ಕೇ ಅಂಗೆ ಬರ್ದೆ. ಬರಿಯೋಗಂಟ ನಿದ್ದೆ ಅತ್ನಿಲ್ಲ ಅಕ್ಕ. ಬರವಣ್ಗೇಲಾದ್ರೂ ಅಣ್ಣನ ಪಕ್ಕ ಇರನ ಅನ್ನುಸ್ತು.”

“ಇರು. ನಾನು ಬ್ಯಾಡ ಅಂದ್ನಾ? ನನ್ನೂ ಅಲ್ಲೇ ಒಂದ್ಕಡೆ ಕೂರುಸ್ಬೋದಿತ್ತಲ್ಲ.”

“ಕತೇಲಿ ಒಬ್ರೇ ಇದ್ರೆ ಚೆಂದ ಅನ್ನುಸ್ತು.”

ಬಸ್ ಬಂತು. ಅಕ್ಕ ಗಂಟು ಎತ್ತಿಕೊಂಡು ಮೆಟ್ಟಿಲು ಹತ್ತಿದವಳು ತಿರುಗಿ ನಿಂತಳು.

“ನನ್ನೆಸ್ರು ಈಗ ಬತ್ತದೆ, ಈಗ ಬತ್ತದೆ ಅಂತ ಕೊನೆಗಂಟ ಕಾಯ್ತಾ ಕೂತಿದ್ದೆ ಕಣ್ಲಾ. ಓದಿ ಮುಗುಸ್ಬುಟ್ಟು ಮೇಷ್ಟ್ರು ನನ್ನೇ ಕೇಳುದ್ರು, ‘ಆಗ ನೀವೆಲ್ಲಿದ್ರಿ, ಶಿವರುದ್ರಮ್ಮ?’ ಅಂತ.”