ಕಲ್ಲಿಗೆ ಉಜ್ಜಿದ ಕೈ

ಪ್ಲೇಗು ತೊಲಗಿ ಮೊಳಕಾಲ್ಮೂರಿನ ಮಗ್ಗಗಳು ಮತ್ತೆ ಸದ್ದು ಮಾಡತೊಡಗಿದ್ದವು. ಕೊಲ್ಲಾಪುರಮ್ಮ ಬಾವಿಗೆ ಬಂದಾಗ ತಾಯಿ ಮಗಳಿಬ್ಬರೂ ಅತ್ತ ಬೆನ್ನು ಮಾಡಿ ನೀರು ಸೇದುತ್ತಿದ್ದರು; ಅವಳು ಬಂದದ್ದು ಅವರಿಗೆ ಗೊತ್ತಾಗಲಿಲ್ಲ.

“ಕೈಯಾಗೆ ರಕ್ತ ಯಾಕೆ, ದ್ಯಾಮಿ?” ತಾಯಿ ಕೇಳಿದಳು.

“ನುಣ್ಣಗಾಗ್ಲಿ ಅಂತ ಕಲ್ಲಿಗೆ ಉಜ್ಜಿದೆ, ಅವ್ವ. ರೇಷ್ಮೆ ಎಳೆ ನನ್ನ ಕೈಗೆ ಸಿಕ್ಕಿಕೊಳ್ತೈತೆ ಅಂತ ನೂಲು ಸುತ್ತೋ ಹುಡುಗೀರೆಲ್ಲ ನನ್ನ ಜಾಲಿಮುಳ್ಳು ಅಂತಾರೆ.”

“ಅಂದ್ರೆ ಅನ್ಲಿ. ನೂಲು ಸುತ್ತೋದಂದ್ರೆ ನಿಂಗೆ ಪ್ರಾಣ.”

“ಆಗ ಬಣ್ಣ ನೋಡ್ಕೊಂಡು ಹಾಡ್ತಿದ್ದೆ. ಈಗ ಎಳೆ ಮುಟ್ಟಾಕೇ ಅಂಜ್ತೀನಿ. ಇನ್ನ ನೂಲು ಸುತ್ತಾಕೆ ಹೋಗಲ್ಲ.”

“ಆ ಹೆಸರು ಇಟ್ಟೋಳು ಯಾರು?”

“ಕೊಲ್ಲಾಪುರಮ್ಮನ ಮಗಳು. ಅವ್ರ ಮನೆ ಪಾತ್ರೆ ತಿಕ್ಕಿ ತಿಕ್ಕೇ ಕೈ ಹಿಂಗಾಗಿದ್ದು.”

ಕೊಡ ಹೊತ್ತು ತಿರುಗಿದ ತಾಯಿ ಕೊಲ್ಲಾಪುರಮ್ಮನನ್ನು ಕಂಡು ಬಿಳಿಚಿಕೊಂಡಳು.

“ನಾಳೆ ಪಾತ್ರೆ ತಿಕ್ಕಾಕೆ ತಪ್ಪದೆ ಕಳಿಸ್ತೀನಿ, ಅಮ್ಮಾರೇ” ಎಂದು ಮಗಳನ್ನು ಕರೆದುಕೊಂಡು ಹೊರಟಳು.

ಎಲ್ಲ ಕೇಳಿಸಿಕೊಂಡಿದ್ದರೂ ಕೊಲ್ಲಾಪುರಮ್ಮ ಬೇಡವೆನ್ನಲಿಲ್ಲ.